ಕುತ್ತಿಗೆ ಆಪರೇಷನ್ ಆಗಿ ಐದು ವಾರ: ಮುದ್ದೆ ಯಾವಾಗ ನುಂಗಬಹುದು, ತೋಟಕ್ಕೆ ಯಾವಾಗ ಇಳಿಯಬಹುದು?

ಆಲ್ದೂರು ತೋಟ · ನವೆಂಬರ್ 13

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಆಲ್ದೂರಿನ ಹತ್ತಿರ ನಾಲ್ಕು ಎಕರೆ ಕಾಫಿ ಇದೆ, ಮರಗಳಿಗೆ ಮೆಣಸು ಹಬ್ಬಿಸಿದ್ದೇನೆ. ಅಕ್ಟೋಬರ್ 9ಕ್ಕೆ ಬೆಂಗಳೂರಿನಲ್ಲಿ ಕುತ್ತಿಗೆ ಆಪರೇಷನ್ ಆಯಿತು. ಗಂಟಲಿನ ಪಕ್ಕ ಮುಂದಿನಿಂದ ಕೊಯ್ದು, ಸಿ5-ಸಿ6 ಮತ್ತು ಸಿ6-ಸಿ7 (ಕತ್ತಿನ ಐದು, ಆರು, ಏಳನೇ ಮೂಳೆಗಳು) ನಡುವಿನ ಎರಡು ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ತೆಗೆದು, ಆ ಜಾಗಕ್ಕೆ ಕೇಜ್ ಅನ್ನುವ ಸಣ್ಣ ಪೊಳ್ಳು ಬಿಲ್ಲೆ ಕೂರಿಸಿ, ಮೇಲೆ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಇವತ್ತಿಗೆ ಸರಿಯಾಗಿ ಐದು ವಾರ.

ಮೊದಲು ಒಂದು ವರ್ಷ ಅನುಭವಿಸಿದ್ದು ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಬಲಗೈಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು. ಸ್ಪ್ರೇ ಮಾಡಿ ಮಾಡಿ ಭುಜ ಹಿಡಿದಿದೆ ಅಂದುಕೊಂಡು ಎಣ್ಣೆ ಹಚ್ಚಿಸಿಕೊಂಡೆ. ಕೊನೆಗೆ ಮಲಗಲು ಆಗದೆ ಎರಡು ತಿಂಗಳು ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದೆ. ಕಾಫಿ ಲೋಟ ಕೈಯಿಂದ ಜಾರಿ ಬಿದ್ದ ದಿನ ಹೆಂಡತಿ ಎಂಆರ್‌ಐ ಮಾಡಿಸಲೇಬೇಕು ಅಂತ ಹಟ ಹಿಡಿದಳು.

ಆಪರೇಷನ್ ಆದ ದಿನ ಸಂಜೆಯೇ ಕೈ ನೋವು ಹೋಗಿತ್ತು. ಅದು ನಿಜಕ್ಕೂ ದೊಡ್ಡ ಸಮಾಧಾನ. ಆದರೆ ಈಗ ಬೇರೆ ತೊಂದರೆಗಳು. ಗಟ್ಟಿ ಊಟ ಗಂಟಲಲ್ಲಿ ನಿಂತ ಹಾಗಾಗುತ್ತದೆ. ಮೊನ್ನೆ ಒಂದು ತುತ್ತು ಮುದ್ದೆ ನುಂಗಲು ಹೋಗಿ ಕಣ್ಣಲ್ಲಿ ನೀರು ಬಂತು. ಬೆನ್ನಿನ ಮೇಲ್ಭಾಗ, ಎರಡು ರೆಕ್ಕೆ ಮೂಳೆಗಳ ನಡುವೆ, ಕಲ್ಲು ಇಟ್ಟ ಹಾಗೆ ನೋವು. ಹೆಬ್ಬೆರಳ ಜೋಮು ಹಾಗೇ ಇದೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಭಾರದ ಕೆಲಸ ಬೇಡ' ಅಂತ ಒಂದೇ ಸಾಲು ಬರೆದು ಕಳುಹಿಸಿದರು. ಭಾರ ಅಂದರೆ ಎಷ್ಟು ಕೆಜಿ ಅಂತ ಯಾರೂ ಹೇಳಲಿಲ್ಲ. ನಾನೂ ಆ ಗಡಿಬಿಡಿಯಲ್ಲಿ ಕೇಳಲಿಲ್ಲ.

ಅರೇಬಿಕಾ ಹಣ್ಣಾಗಿದೆ. ಕುಯ್ಲು ಶುರುವಾಗಿದೆ. ಅಪ್ಪನಿಗೆ 76. ಅವರು ಕಣದಲ್ಲಿ ನಿಂತು ಕಾಫಿ ಕೆದಕುವುದನ್ನು ಕಿಟಕಿಯಿಂದ ನೋಡುತ್ತಾ ಕೂರುವುದು ನೋವಿಗಿಂತ ಕಷ್ಟ. ಇದೇ ಆಪರೇಷನ್ ಆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾಸನದ ಟೀಚರ್ · ನವೆಂಬರ್ 13

ಅಣ್ಣ, ನನಗೂ ಇದೇ ಆಪರೇಷನ್. ಎರಡೂವರೆ ವರ್ಷ ಆಯಿತು. ಒಂದೇ ಲೆವೆಲ್, ಅಂದರೆ ಒಂದೇ ಜೋಡಿ ಮೂಳೆಯ ನಡುವೆ, ಸಿ5-ಸಿ6. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ.

ಗಂಟಲಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ನಾನು ಹೆಚ್ಚು ಹೆದರಿದ್ದು ಅದಕ್ಕೇ. ಮುಂದಿನಿಂದ ಹೋಗುವಾಗ ಅನ್ನನಾಳ, ಶ್ವಾಸನಾಳ ಎರಡನ್ನೂ ಒಂದು ಪಕ್ಕಕ್ಕೆ ಸರಿಸಿ ಹಿಡಿದಿರುತ್ತಾರೆ. ಗಂಟೆಗಟ್ಟಲೆ ಹಾಗೆ ಎಳೆದು ಹಿಡಿದದ್ದು ಊದಿಕೊಂಡು, ಸರಿಹೋಗಲು ವಾರಗಳು ಬೇಕು. ಕೆಲವರಿಗೆ ತಿಂಗಳುಗಳೇ ಬೇಕು. ನನಗೆ ಗಟ್ಟಿ ಊಟ ಸಲೀಸಾಗಿ ಇಳಿದದ್ದು ಎರಡು ತಿಂಗಳ ಮೇಲೆ.

ಅಲ್ಲಿಯವರೆಗೆ ರಾಗಿ ಬಿಡಬೇಕಿಲ್ಲ. ನಮ್ಮ ಅತ್ತೆ ರಾಗಿ ಅಂಬಲಿಯನ್ನು ಮಜ್ಜಿಗೆಯಲ್ಲಿ ಕದಡಿ, ಚೂರು ಉಪ್ಪು ಹಾಕಿ ಕೊಡುತ್ತಿದ್ದರು. ಬೇಳೆ ಕಟ್ಟಿನಲ್ಲಿ ಮೆತ್ತಗೆ ಕಲಸಿದ ಅನ್ನ, ತೆಳ್ಳಗಿನ ಉಪ್ಪಿಟ್ಟು, ನೆನೆಸಿದ ಶಾವಿಗೆ ಇವೆಲ್ಲ ಇಳಿಯುತ್ತವೆ. ಮುದ್ದೆಯ ಕಷ್ಟ ಏನೆಂದರೆ ಅದನ್ನು ನಾವು ಅಗಿಯುವುದಿಲ್ಲ, ತುತ್ತು ಮಾಡಿ ಇಡಿಯಾಗಿ ನುಂಗುತ್ತೇವೆ. ಊದಿದ ಗಂಟಲಿಗೆ ಅದೇ ತೊಂದರೆ. ಅಕ್ಕಿ ರೊಟ್ಟಿ, ಒಣ ಚಪಾತಿ ಕೂಡ ಸದ್ಯಕ್ಕೆ ಬೇಡ. ನೆಟ್ಟಗೆ ಕೂತು, ಸಣ್ಣ ತುತ್ತು, ಮಧ್ಯೆ ಮಧ್ಯೆ ಗುಟುಕು ನೀರು. ಊಟದ ಹೊತ್ತಿಗೆ ಮಾತು ಬೇಡ. ದೊಡ್ಡ ಮಾತ್ರೆಯನ್ನು ಪಚ್ಚಬಾಳೆಯ ಚೂರಿನಲ್ಲಿಟ್ಟು ನುಂಗಿ, ಜಾರಿಹೋಗುತ್ತದೆ.

ನನ್ನ ಇನ್ನೊಂದು ಕಷ್ಟ ದನಿ. ಎಚ್ಚರವಾದಾಗ ಗಂಡನ ಹೆಸರು ಕರೆಯಲು ಹೋದರೆ ಬರೀ ಗಾಳಿ ಬಂತು. ದನಿಪೆಟ್ಟಿಗೆಗೆ ಹೋಗುವ ಸಣ್ಣ ನರ ಅದೇ ದಾರಿಯಲ್ಲಿ ಇರುತ್ತದಂತೆ. ಆರು ವಾರವಾದರೂ ದನಿ ಗೊಗ್ಗರಾಗಿಯೇ ಇತ್ತು. ಆಗ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ದನಿ ಹೊರಡಿಸುವ ಎರಡು ಪಟ್ಟಿಗಳಲ್ಲಿ ಒಂದು ಸರಿಯಾಗಿ ಆಡುತ್ತಿರಲಿಲ್ಲ. ನಾಲ್ಕನೇ ತಿಂಗಳಲ್ಲಿ ತಾನಾಗಿಯೇ ಸರಿಹೋಯಿತು. ಶಾಲೆಗೆ ವಾಪಸ್ ಹೋದ ದಿನ ಹಾಜರಿ ಕೂಗಿದೆ. ಹಿಂದಿನ ಬೆಂಚಿನಿಂದ 'ಎಸ್ ಮಿಸ್' ಅಂತ ಬಂದಾಗ ನನ್ನ ದನಿ ಅಲ್ಲಿಯವರೆಗೆ ಮುಟ್ಟಿದೆ ಅಂತ ಗೊತ್ತಾಯಿತು. ಆ ಖುಷಿ ಈಗಲೂ ಮರೆತಿಲ್ಲ.

ಅರಸೀಕೆರೆ ಟ್ಯಾಕ್ಸಿ · ನವೆಂಬರ್ 14

ಅಣ್ಣಾ, ಧೈರ್ಯವಾಗಿರಿ. ನನ್ನದು ಸಿ6-ಸಿ7, ಮೂರು ವರ್ಷದ ಹಿಂದೆ. ನಾನು ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ.

ಆರನೇ ವಾರಕ್ಕೆ ನೋವೇ ಇರಲಿಲ್ಲ. ಸರಿಹೋಯಿತು ಅಂದುಕೊಂಡು ತೆಂಗಿನಕಾಯಿ ಮೂಟೆ ಎತ್ತಿ ಡಿಕ್ಕಿಗೆ ಇಟ್ಟೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಓಡಿಹೋಗಿ ಎಕ್ಸ್‌ರೇ ತೆಗೆಸಿದೆ. ಸ್ಕ್ರೂ ಅಲುಗಿರಲಿಲ್ಲ, ಪುಣ್ಯ. ಆದರೆ ಡಾಕ್ಟರ್ ಹೇಳಿದ ಮಾತು ಇವತ್ತಿಗೂ ನೆನಪಿದೆ: ನೋವು ಹೋಗುವುದು ಬೇರೆ, ಮೂಳೆ ಕೂಡುವುದು ಬೇರೆ.

ಗಾಡಿ ಓಡಿಸಲು ಶುರು ಮಾಡಿದ್ದು ಮೂರು ತಿಂಗಳ ಮೇಲೆ, ಅದೂ ಊರೊಳಗೆ. ಶಿರಾಡಿ ಘಾಟಿ ಇಳಿದದ್ದು ಆರು ತಿಂಗಳು ಕಳೆದ ಮೇಲೆ. ಕನ್ನಡಿ ಎರಡೂ ಕಡೆ ದೊಡ್ಡದು ಹಾಕಿಸಿಕೊಂಡೆ. ರಿವರ್ಸ್ ತೆಗೆಯುವಾಗ ಕುತ್ತಿಗೆ ಅಲ್ಲ, ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸುತ್ತೇನೆ. ಬೈಕ್ ಹಿಂದೆ ಕೂರುವುದು ಸದ್ಯಕ್ಕೆ ಬೇಡವೇ ಬೇಡ. ಹಂಪ್ ಬಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೇಲಿಂದ ಹೆಲ್ಮೆಟ್ ಭಾರ ಬೇರೆ.

ಫಿಸಿಯೋ, ಚಿಕ್ಕಮಗಳೂರು · ನವೆಂಬರ್ 14

ಆಲ್ದೂರಿನ ಸರ್, ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಎಕ್ಸ್‌ರೇ ನೋಡದೆ ನಿಮ್ಮ ಸರ್ಜನ್ ಮಾತಿನ ಮೇಲೆ ನಾನು ಮಾತಾಡುವುದಿಲ್ಲ. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾದರೆ ಕಾಯುವುದು ಸ್ವಲ್ಪ ಸುಲಭ. ಅದಕ್ಕೆ ಬರೆಯುತ್ತಿದ್ದೇನೆ.

ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತು, ಅಲ್ವಾ? ಮೋಲ್ಡ್ ಹಾಕಿದ ದಿನವೇ ಸೂರು ನಿಂತ ಹಾಗೆ ಕಾಣುತ್ತದೆ. ಆದರೆ ಭಾರ ಹೊತ್ತಿರುವುದು ಕೆಳಗಿನ ಕಂಬ, ಶೀಟು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದು ತಾನೇ ಹೊರುತ್ತದೆ. ನಿಮ್ಮ ಪ್ಲೇಟು, ಸ್ಕ್ರೂ ಆ ಸೆಂಟ್ರಿಂಗ್ ಇದ್ದ ಹಾಗೆ, ಬಿಚ್ಚುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಕೇಜ್ ಒಳಗೆ ಇಟ್ಟ ಮೂಳೆಯ ಚೂರಿನ ಮೂಲಕ ಮೇಲಿನ ಮೂಳೆ, ಕೆಳಗಿನ ಮೂಳೆ ಬೆಳೆದು ಒಂದಾಗಬೇಕು. ಎಕ್ಸ್‌ರೇಯಲ್ಲಿ ಅದು ಕಾಣಲು ಸಾಮಾನ್ಯವಾಗಿ ಮೂರು ತಿಂಗಳು, ಪೂರ್ತಿ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ. ಎರಡು ಲೆವೆಲ್ ಆದವರಿಗೆ ಒಂದು ಲೆವೆಲ್‌ಗಿಂತ ಜಾಸ್ತಿ ತಾಳ್ಮೆ ಬೇಕು.

'ಭಾರ' ಎಷ್ಟು ಅಂತ ಕೇಳಿದಿರಿ. ಮೊದಲ ಆರು ವಾರ ಎರಡು-ಮೂರು ಕೆಜಿ ದಾಟಬೇಡಿ ಅಂತ ಬಹಳ ಸರ್ಜನ್‌ಗಳು ಹೇಳುತ್ತಾರೆ. ಅಂದರೆ ಎರಡು ಲೀಟರ್ ಹಾಲಿನ ಕ್ಯಾನು ಸರಿ, ತುಂಬಿದ ಕೊಡ ಬೇಡ. 50 ಕೆಜಿ ಕಾಫಿ ಮೂಟೆಯ ಮಾತೇ ಈ ಸೀಸನ್ನಿಗೆ ಬೇಡ. ತಲೆಯ ಮೇಲೆ ಹೊರುವುದು ಮುಂದೆಯೂ ಬೇಡ. ನಿಮ್ಮ ಅಂಕಿಯನ್ನು ಆರನೇ ವಾರದ ಎಕ್ಸ್‌ರೇ ದಿನ ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ರೆಕ್ಕೆ ಮೂಳೆಗಳ ನಡುವಿನ ನೋವು ಇಂಥವರಲ್ಲಿ ತುಂಬಾ ಸಾಮಾನ್ಯ. ಕುಸಿದಿದ್ದ ಡಿಸ್ಕ್ ಜಾಗವನ್ನು ಕೇಜ್ ಎತ್ತಿದೆ. ಹಿಂದಿನ ಕೀಲುಗಳು, ಸ್ನಾಯುಗಳು ಆ ಹೊಸ ಎತ್ತರಕ್ಕೆ ಎಳೆದುಕೊಂಡಿವೆ. ವಾರಗಳಲ್ಲಿ ಕಡಿಮೆಯಾಗುತ್ತದೆ. ಬಿಸಿ ನೀರಿನ ಶಾಖ ಬೆನ್ನಿಗೆ ಕೊಡಬಹುದು, ಗಾಯದ ಮೇಲೆ ಬೇಡ.

ಇನ್ನು ಜೋಮು. ಸಿ6 ನರ ಹೆಬ್ಬೆರಳು, ತೋರುಬೆರಳಿಗೆ, ಸಿ7 ನಡುಬೆರಳಿಗೆ ಹೋಗುತ್ತದೆ. ನಿಮ್ಮ ಎಂಆರ್‌ಐಗೂ ಬೆರಳಿಗೂ ಸರಿಯಾಗಿ ತಾಳೆಯಾಗುತ್ತದೆ. ಸಾಮಾನ್ಯವಾಗಿ ನೋವು ಮೊದಲು ಹೋಗುತ್ತದೆ, ಆಮೇಲೆ ಶಕ್ತಿ ಬರುತ್ತದೆ, ಜೋಮು ಕೊನೆಗೆ ಬಿಡುತ್ತದೆ. ಹಾನಿಯಾದ ನರದ ಎಳೆ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಹೆಚ್ಚೂಕಡಿಮೆ 1 ಮಿಲಿಮೀಟರ್. ಕುತ್ತಿಗೆಯಿಂದ ಹೆಬ್ಬೆರಳ ತುದಿಗೆ ಒಂದು ಟೇಪ್ ಹಿಡಿದು ನೋಡಿ. ಐದು ವಾರಕ್ಕೆ ಯಾಕೆ ಬಂದಿಲ್ಲ ಅಂತ ಆಗ ಗೊತ್ತಾಗುತ್ತದೆ.

ಒಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬೀಡಿ, ಸಿಗರೇಟು ಇದೆಯಾ? ಎಲೆ ಅಡಿಕೆಗೆ ಹೊಗೆಸೊಪ್ಪು? ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಮೂಳೆ ಕೂಡುವುದು ನಿಧಾನವಾಗುತ್ತದೆ, ಕೆಲವರಿಗೆ ಕೂಡುವುದೇ ಇಲ್ಲ. ಹೊಗೆ ಇಲ್ಲದಿದ್ದರೂ ಕಡ್ಡಿಪುಡಿಯಲ್ಲಿ ಅದೇ ನಿಕೋಟಿನ್ ಇದೆ. ಹಾಗೆಯೇ ಮೆಡಿಕಲ್ ಶಾಪಿನಲ್ಲಿ ನೀವಾಗಿಯೇ ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವನ್ನು ಮೊದಲ ತಿಂಗಳುಗಳಲ್ಲಿ ಬೇಡ ಅನ್ನುವ ಸರ್ಜನ್‌ಗಳು ಬಹಳ ಜನ.

ಆಲ್ದೂರು ತೋಟ · ನವೆಂಬರ್ 14

ಫಿಸಿಯೋ ಮೇಡಂ, ಟೀಚರ್, ಅರಸೀಕೆರೆ ಅಣ್ಣ, ಎಲ್ಲರಿಗೂ ಕೈ ಮುಗಿಯುತ್ತೇನೆ. ಸಿಗರೇಟು ಇಲ್ಲ. ಆದರೆ ಎಲೆ ಅಡಿಕೆಗೆ ಕಡ್ಡಿಪುಡಿ ಇತ್ತು. ಆಸ್ಪತ್ರೆಯಲ್ಲಿ 'ಸ್ಮೋಕಿಂಗ್ ಇದೆಯಾ' ಅಂತ ಕೇಳಿದರು, ಇಲ್ಲ ಅಂದೆ. ಕಡ್ಡಿಪುಡಿಗೂ ಮೂಳೆಗೂ ಸಂಬಂಧ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಡಬ್ಬಿಯನ್ನು ಈಗಲೇ ಹೆಂಡತಿ ಕೈಗೆ ಕೊಟ್ಟಿದ್ದೇನೆ.

ಸಕಲೇಶಪುರ ರೈಟರ್ · ನವೆಂಬರ್ 15

ನಾನೊಂದು ಎಸ್ಟೇಟಿನಲ್ಲಿ ರೈಟರ್. ಇದು ಎಲ್ಲರೂ ಓದಬೇಕು ಅಂತ ಬರೆಯುತ್ತಿದ್ದೇನೆ. ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಕಟಿಂಗ್ ಮಾಡಿಸಲು ಹೋದೆ. ಮುಗಿದ ಮೇಲೆ ಕಟಿಂಗ್ ಮಾಡುವವನು ಯಾವಾಗಲೂ ಮಾಡುವ ಹಾಗೆ ತಲೆ ಹಿಡಿದು ಲಟಕ್ ಅಂತ ತಿರುಗಿಸಲು ಕೈ ಇಟ್ಟ. ನಾನು ಕಿರುಚಿಕೊಂಡೆ. ಅವನಿಗೆ ಏನಾಯಿತು ಅಂತಲೇ ಅರ್ಥವಾಗಲಿಲ್ಲ, ಪಾಪ. ಮುಂದೆ ಕೊಯ್ದ ಗೆರೆ ಕತ್ತಿನ ಮಡಿಕೆಯಲ್ಲಿ ಸೇರಿಹೋಗಿರುತ್ತದೆ, ನೋಡಿದವರಿಗೆ ಗೊತ್ತಾಗುವುದಿಲ್ಲ.

ಈಗ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತೇನೆ: ಕತ್ತಿನಲ್ಲಿ ಪ್ಲೇಟು ಇದೆ, ಮುಟ್ಟಬೇಡಿ. ಮನೆಗೆ ನೋಡಲು ಬರುವ ನೆಂಟರಿಗೂ ಇದೇ ಮಾತು. ಪ್ರೀತಿಯಿಂದಲೇ ಬರುತ್ತಾರೆ. 'ನಮ್ಮೂರಲ್ಲಿ ಒಬ್ಬರು ನರ ಎಳೆದು ಕೂರಿಸುತ್ತಾರೆ' ಅನ್ನುತ್ತಾರೆ, ಎಣ್ಣೆ ಬಟ್ಟಲು ಹಿಡಿದು ಹಿಂದೆ ನಿಲ್ಲುತ್ತಾರೆ. ಕೈ ಮುಗಿದು ಬೇಡ ಅನ್ನಿ. ಅವರು ಬೇಜಾರಾದರೂ ಪರವಾಗಿಲ್ಲ.

ಚನ್ನರಾಯಪಟ್ಟಣ · ನವೆಂಬರ್ 16

ನನಗೆ ಒಂದು ಗೊಂದಲ. ಈ ಆಪರೇಷನ್ ಆದವರು ಕತ್ತಿಗೆ ಬೆಲ್ಟು ಹಾಕಬೇಕು ಅನ್ನುತ್ತಾರೆ. ನನಗೆ ಮೂರು ವಾರದ ಹಿಂದೆ ಒಂದು ಲೆವೆಲ್ ಆಯಿತು, ಬೆಲ್ಟೇ ಕೊಡಲಿಲ್ಲ. ಪಕ್ಕದ ಬೆಡ್ಡಿನವರಿಗೆ ಗಲ್ಲದವರೆಗೆ ಬರುವ ಗಟ್ಟಿ ಬೆಲ್ಟು ಆರು ವಾರ ಹಗಲು ರಾತ್ರಿ ಹಾಕಿ ಅಂದರು. ನನ್ನ ಡಾಕ್ಟರ್ ಮರೆತರಾ?

ಫಿಸಿಯೋ, ಚಿಕ್ಕಮಗಳೂರು · ನವೆಂಬರ್ 16

ಮರೆತಿಲ್ಲ. ಒಂದೇ ಲೆವೆಲ್, ಗಟ್ಟಿ ಮೂಳೆ, ಪ್ಲೇಟು ಚೆನ್ನಾಗಿ ಕೂತಿದೆ ಅಂದರೆ ಬೆಲ್ಟ್ ಬೇಡ ಅನ್ನುವ ಸರ್ಜನ್‌ಗಳು ತುಂಬಾ ಇದ್ದಾರೆ. ಲೆವೆಲ್ ಜಾಸ್ತಿ ಇದ್ದರೆ, ಮೂಳೆ ಸವೆದಿದ್ದರೆ, ಬಿದ್ದು ಪೆಟ್ಟಾಗಿ ಆಪರೇಷನ್ ಆಗಿದ್ದರೆ ಲೆಕ್ಕ ಬೇರೆ. ಅವರ ಬೆಲ್ಟು ನಿಮಗಲ್ಲ, ನಿಮ್ಮ ಬರಿಗತ್ತು ಅವರಿಗಲ್ಲ. ಹಾಕಲು ಹೇಳಿದವರು ಮಾತ್ರ ತಾವಾಗಿಯೇ ಬಿಚ್ಚಬೇಡಿ. ಬೆವರಿಗೆ ಒಳಗೆ ತೆಳು ಹತ್ತಿ ಬಟ್ಟೆ ಇಟ್ಟುಕೊಳ್ಳಿ. ದಿನಾ ಒಮ್ಮೆ ಗಲ್ಲದ ಕೆಳಗೆ ಚರ್ಮ ಕೆಂಪಾಗಿದೆಯಾ ನೋಡಿಸಿಕೊಳ್ಳಿ.

ಬೇಲೂರಿನ ಮಗಳು · ನವೆಂಬರ್ 18

ಅಮ್ಮನ ಪರವಾಗಿ ಬರೆಯುತ್ತಿದ್ದೇನೆ. ಅವರಿಗೆ 63. ನಿಮ್ಮದೆಲ್ಲ ನರ ಒತ್ತಿದ್ದು. ಅಮ್ಮನಿಗೆ ಬೆನ್ನುಹುರಿಯೇ ಒತ್ತಿಹೋಗಿತ್ತು. ನೋವು ಅಂತ ಒಂದು ದಿನ ಹೇಳಲಿಲ್ಲ, ಅದಕ್ಕೇ ನಮಗೆ ತಡವಾಗಿ ಗೊತ್ತಾಯಿತು.

ಅಮ್ಮ 30 ವರ್ಷದಿಂದ ಹೂ ಕಟ್ಟುತ್ತಾರೆ. ಮಾತಾಡುತ್ತಾ, ಟಿವಿ ನೋಡುತ್ತಾ, ಕೈಯನ್ನು ನೋಡದೆ ಕಟ್ಟುತ್ತಿದ್ದರು. ಹೋದ ವರ್ಷ ಮಾಲೆ ಸಡಿಲವಾಗತೊಡಗಿತು. ಎರಡು ಹೂ ಇಟ್ಟು ನಾರು ಸುತ್ತಿ ಗಂಟು ಎಳೆಯುವಷ್ಟರಲ್ಲಿ ಹೂ ಬಿದ್ದುಹೋಗುತ್ತಿತ್ತು. 'ಕಣ್ಣು ಮಂಜಾಗಿದೆ' ಅಂದರು. ಕನ್ನಡಕ ಬದಲಾಯಿಸಿದೆವು. ಆಮೇಲೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗಲಿಲ್ಲ. ನಡೆಯುವಾಗ ಕಾಲು ಹತ್ತಿಯ ಮೇಲೆ ಇಟ್ಟ ಹಾಗೆ ಅಂದರು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಎಂಆರ್‌ಐ ಆಯಿತು.

ಸೆಪ್ಟೆಂಬರಿನಲ್ಲಿ ಹಿಂದಿನಿಂದ ಆಪರೇಷನ್, ನಾಲ್ಕು ಮೂಳೆಗೆ ಸ್ಕ್ರೂ, ರಾಡ್. ನುಂಗಲು ಏನೂ ತೊಂದರೆ ಇಲ್ಲ. ಆದರೆ ಕತ್ತಿನ ಹಿಂದಿನ ಸ್ನಾಯು ನೋವು ವಿಪರೀತ. ಹಾಸಿಗೆಯಿಂದ ಎಬ್ಬಿಸುವುದು ಹೇಗೆ ಅಂತ ನನಗೆ ಭಯ. ಎರಡು ತಿಂಗಳಾದರೂ ಕೈ ಬಂದಿಲ್ಲ. ಬರುತ್ತದಾ?

ಫಿಸಿಯೋ, ಚಿಕ್ಕಮಗಳೂರು · ನವೆಂಬರ್ 18

ನೀವು ಬರೆದ ಲಕ್ಷಣಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳಲಿ ಅಂತ ಆಸೆ. ನೋವೇ ಇಲ್ಲದೆ ಗುಂಡಿ ಹಾಕಲು ಆಗದಿರುವುದು, ಅಕ್ಷರ ಕೆಡುವುದು, ನಡಿಗೆ ತಪ್ಪುವುದು ವಯಸ್ಸಿನ ದೋಷ ಅಂತ ಬಿಡಬಾರದು.

ಬೆನ್ನುಹುರಿ ಒತ್ತಿದವರಲ್ಲಿ ಆಪರೇಷನ್ನಿನ ಮೊದಲ ಕೆಲಸ ಇನ್ನೂ ಕೆಡದ ಹಾಗೆ ತಡೆಯುವುದು. ಎಷ್ಟು ವಾಪಸ್ ಬರುತ್ತದೆ ಅನ್ನುವುದು ಎಷ್ಟು ದಿನ, ಎಷ್ಟು ಗಟ್ಟಿಯಾಗಿ ಒತ್ತಿತ್ತು ಅನ್ನುವುದರ ಮೇಲೆ ಇದೆ. ಮೊದಲ ಆರು ತಿಂಗಳಲ್ಲಿ ಹೆಚ್ಚು ಸುಧಾರಣೆ ಕಾಣುತ್ತದೆ, ಆಮೇಲೆ ನಿಧಾನ. ಎರಡು ತಿಂಗಳಿಗೆ ಆಸೆ ಬಿಡಬೇಡಿ.

ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ, ಕತ್ತಿನ ಕೆಳಗೆ ಕೈ ಹಾಕಿ ಎತ್ತಬೇಡಿ. ಮಂಡಿ ಮಡಚಿಸಿ. ಮರದ ದಿಮ್ಮಿ ಉರುಳಿಸುವ ಹಾಗೆ ಭುಜ, ಸೊಂಟ ಒಟ್ಟಿಗೆ ಒಂದು ಮಗ್ಗುಲಿಗೆ ತಿರುಗಲಿ. ಕಾಲು ಮಂಚದಿಂದ ಕೆಳಗಿಳಿಯಲಿ, ಆಗ ಅವರೇ ಮೊಣಕೈ ಊರಿ ಏಳುತ್ತಾರೆ. ನೀವು ಬೆನ್ನಿಗೆ ಕೈ ಇಟ್ಟರೆ ಸಾಕು. ನೆಲದ ಮೇಲಿನ ಹಾಸಿಗೆ, ಕುಕ್ಕರುಗಾಲಿನ ಕಕ್ಕಸು ಎರಡೂ ಸದ್ಯಕ್ಕೆ ಬೇಡ. ಕಮೋಡ್ ಕುರ್ಚಿ ತಂದುಕೊಳ್ಳಿ. ದಿಂಬು ಎತ್ತರ ಆಗಬಾರದು. ಟವೆಲ್ ಮಡಿಸಿ ಇಟ್ಟರೂ ಸರಿ, ಗಲ್ಲ ಎದೆಗೂ ತಾಗಬಾರದು, ತಲೆ ಹಿಂದಕ್ಕೂ ಬಾಗಬಾರದು.

ಕೈಗೆ ನಾನು ಹೇಳುವ ವ್ಯಾಯಾಮಕ್ಕಿಂತ ಅವರ ಹೂವೇ ಒಳ್ಳೆಯದು. ಮಲ್ಲಿಗೆ ಬೇಡ, ಸಣ್ಣದು. ದೊಡ್ಡ ಸೇವಂತಿಗೆಯಿಂದ ಶುರು ಮಾಡಿಸಿ. ಮುಂದೆ ಎದೆ ಮಟ್ಟದ ಮೇಜು ಇಡಿ, ತಲೆ ಬಗ್ಗಿಸಿ ಕೂರಬಾರದು. ಹತ್ತು ನಿಮಿಷ, ಅಷ್ಟೇ.

ಎಲ್ಲರಿಗೂ ಇನ್ನೊಂದು ಮಾತು. ಕತ್ತು ಊದಿ ಉಸಿರಾಡಲು ಕಷ್ಟವಾದರೆ, ಗುಟುಕು ನೀರೂ ಇಳಿಯದಿದ್ದರೆ, ಜ್ವರ ಬಂದು ಗಾಯದಲ್ಲಿ ಕೀವು ಕಂಡರೆ, ಕೈಕಾಲಿನ ಶಕ್ತಿ ಹೊಸದಾಗಿ ಕುಗ್ಗಿದರೆ, ಒಂದು-ಎರಡರ ಹಿಡಿತ ತಪ್ಪಿದರೆ ಇಲ್ಲಿ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರಿನ ತೊಂದರೆ ಆದರೆ 108ಕ್ಕೆ ಫೋನ್ ಮಾಡಿ, ಬೆಂಗಳೂರಿಗೆ ಹೊರಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಮೂಡಿಗೆರೆ · ನವೆಂಬರ್ 19

ದುಡ್ಡಿನ ವಿಷಯ ಯಾರೂ ಬರೆಯಲಿಲ್ಲ. ನನ್ನ ತಮ್ಮನಿಗೆ ಆಪರೇಷನ್ ಹೇಳಿದ್ದಾರೆ. ಬಿಪಿಎಲ್ ಕಾರ್ಡ್ ಇದೆ.

ಹಾಸನದ ಟೀಚರ್ · ನವೆಂಬರ್ 19

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ರೆಫರಲ್ ಚೀಟಿ ಕೈಯಲ್ಲಿ ಹಿಡಿದೇ ಮುಂದೆ ಹೋಗಿ. ಖಾಸಗಿಯಲ್ಲಿ ಅಡ್ಮಿಟ್ ಆದ ಮೇಲೆ ಓಡಾಡಿದರೆ ಕಷ್ಟ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ.

ಚೆಕಪ್‌ಗೆ ಬೆಂಗಳೂರಿಗೆ ಹೋಗುವವರು ಬಸ್ಸಿಗಿಂತ ರೈಲು ನೋಡಿ. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ದಾರಿ 2017ರಲ್ಲಿ ಆದ ಮೇಲೆ ತುಂಬಾ ಅನುಕೂಲ. ಎದ್ದು ಓಡಾಡಬಹುದು, ಕುಲುಕಾಟ ಕಡಿಮೆ.

ಆಲ್ದೂರು ತೋಟ · ನವೆಂಬರ್ 21

ನಿನ್ನೆ ಆರು ವಾರದ ಎಕ್ಸ್‌ರೇ ಆಯಿತು. ಪ್ಲೇಟು, ಸ್ಕ್ರೂ ಜಾಗದಲ್ಲೇ ಇವೆ. ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಮೂರು ತಿಂಗಳವರೆಗೆ 3 ಕೆಜಿ ಅಂತ ಡಾಕ್ಟರ್ ಕೈಯಲ್ಲೇ ಬರೆಸಿಕೊಂಡು ಬಂದೆ. ಕಡ್ಡಿಪುಡಿ ವಿಷಯವನ್ನೂ ಹೇಳಿದೆ. ಬಿಟ್ಟದ್ದು ಒಳ್ಳೆಯದು, ಮತ್ತೆ ಮುಟ್ಟಬೇಡಿ ಅಂದರು. ಬೆಲ್ಟನ್ನು ಹಗಲು ಸ್ವಲ್ಪ ಸ್ವಲ್ಪ ಬಿಚ್ಚಿಡಬಹುದಂತೆ.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಸ್ಕ್ರೂ ಸಡಿಲಾಗಿದೆ ಅನ್ನಿಸುತ್ತದೆ. ಕೆಮ್ಮಿದರೆ ಭಯ, ಸೀನಿದರೆ ಭಯ. ನಿಮಗೂ ಹೀಗಾಗಿತ್ತಾ?

ಹಾಸನದ ಟೀಚರ್ · ನವೆಂಬರ್ 22

ಆಗಿತ್ತು ಅಣ್ಣ. ಮೂರು ತಿಂಗಳು. ಒಂದು ಸೀನಿಗೆ ಬಿಚ್ಚಿಹೋಗುವ ಹಾಗೆ ಸ್ಕ್ರೂ ಹಾಕಿರುವುದಿಲ್ಲ ಅಂತ ನನ್ನ ಸರ್ಜನ್ ಹೇಳಿದ ಮೇಲೆ ಅರ್ಧ ಭಯ ಹೋಯಿತು. ಉಳಿದರ್ಧ ನಡೆದು ನಡೆದು ಹೋಯಿತು. ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ಮೊದಲ ದಿನ ಐದು ನಿಮಿಷ, ತಿಂಗಳ ಕೊನೆಗೆ ಅರ್ಧ ಗಂಟೆ. ನೀವು ಕಣದ ಸುತ್ತ ನಡೆಯಿರಿ. ಕಣ ಸಮತಟ್ಟು ಇರುತ್ತದೆ, ಅಪ್ಪನ ಜೊತೆ ಮಾತಾಡಿದ ಹಾಗೂ ಆಗುತ್ತದೆ. ಇಳಿಜಾರಿನ ತೋಟಕ್ಕೆ, ಎಲೆ ಬಿದ್ದು ಜಾರುವ ದಾರಿಗೆ ಇಳಿಯಬೇಡಿ. ದುಃಖ ಹೆಚ್ಚಾಗಿ ಊಟ, ನಿದ್ದೆ ಬಿಟ್ಟುಹೋದರೆ ಡಾಕ್ಟರ್ ಹತ್ತಿರ ಅದನ್ನೂ ಹೇಳಿ. ನಾನು ಹೇಳಿಕೊಂಡೆ, ಸಹಾಯ ಆಯಿತು.

ಕಡೂರು · ಡಿಸೆಂಬರ್ 6

ಆಪರೇಷನ್ ಆಗಿ ಎರಡು ವರ್ಷ ಆಯಿತು. ಯೋಗ ಮತ್ತೆ ಶುರು ಮಾಡಬಹುದಾ? ಮೊದಲು ಶೀರ್ಷಾಸನ ಮಾಡುತ್ತಿದ್ದೆ. ಇನ್ನೊಂದು, ಕತ್ತು ಪೂರ್ತಿ ತಿರುಗುವುದೇ ಇಲ್ಲ ಅಂತ ಹೆದರಿಸಿದ್ದರು, ಆದರೆ ನನಗೆ ಚೆನ್ನಾಗಿಯೇ ತಿರುಗುತ್ತದೆ. ಏನಾದರೂ ಕೂಡಿಲ್ಲವಾ?

ಫಿಸಿಯೋ, ಚಿಕ್ಕಮಗಳೂರು · ಡಿಸೆಂಬರ್ 6

ಕತ್ತಿನಲ್ಲಿ ಏಳು ಮೂಳೆ. ತಲೆ ಎಡಬಲ ತಿರುಗುವುದರಲ್ಲಿ ಸುಮಾರು ಅರ್ಧದಷ್ಟು ಮೇಲಿನ ಮೊದಲ ಎರಡು ಮೂಳೆಗಳ ನಡುವೆಯೇ ಆಗುತ್ತದೆ. ಕೆಳಗೆ ಒಂದು ಜೋಡಿ ಕೂಡಿಸಿದರೆ ಬಹಳ ಜನರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅದಕ್ಕೆ ಹೆದರಬೇಡಿ.

ಆದರೆ ಕೂಡಿಸಿದ ಜಾಗದ ಮೇಲಿನ, ಕೆಳಗಿನ ಡಿಸ್ಕುಗಳಿಗೆ ಕೆಲಸ ಜಾಸ್ತಿ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಪಕ್ಕದ ಲೆವೆಲ್‌ನಲ್ಲಿ ಹೊಸ ತೊಂದರೆ ಬರಬಹುದು ಅಂತ ಲೆಕ್ಕ ಹಾಕಿದ್ದರು. ಅದಕ್ಕೇ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ನಿಮಗೆ ಬೇಡ. ಪ್ರಾಣಾಯಾಮ, ತಾಡಾಸನ, ಭುಜ ಹಿಂದಕ್ಕೆ ತರುವ ಆಸನಗಳು ಸರಿ. ಶಿಕ್ಷಕರಿಗೆ ಮೊದಲೇ ಹೇಳಿ.

ಆಲ್ದೂರು ತೋಟ · ಜನವರಿ 11

ಮೂರು ತಿಂಗಳ ಎಕ್ಸ್‌ರೇ ಆಯಿತು. ಮೇಲಿನ ಲೆವೆಲ್ ಕೂಡುತ್ತಿರುವುದು ಕಾಣುತ್ತಿದೆ, ಕೆಳಗಿನದು ಸ್ವಲ್ಪ ಹಿಂದೆ. ಇನ್ನು ಮೂರು ತಿಂಗಳು ಬಿಟ್ಟು ನೋಡೋಣ ಅಂದರು.

ಆಮೇಲೆ ಮುದ್ದೆ. ಸಂಕ್ರಾಂತಿ ಹತ್ತಿರ ಬಂತು, ಮನೆಯಲ್ಲಿ ಅವರೆಕಾಳು ಸಾರು. ಹೆಂಡತಿ ನನ್ನ ತಟ್ಟೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಇಟ್ಟಳು, ಮೆತ್ತಗೆ ಕಟ್ಟಿದ್ದಳು. ಸಾರಿನಲ್ಲಿ ಹೊರಳಿಸಿ, ಗೋಲಿಯಷ್ಟು ತುತ್ತು ಮಾಡಿ ಬಾಯಿಗೆ ಹಾಕಿದೆ. ಎಲ್ಲರೂ ಊಟ ನಿಲ್ಲಿಸಿ ನನ್ನ ಗಂಟಲು ನೋಡುತ್ತಿದ್ದರು. ಇಳಿಯಿತು. ಅಪ್ಪ ಏನೂ ಹೇಳದೆ ತಮ್ಮ ಮುದ್ದೆಯಿಂದ ಒಂದು ಚೂರು ಮುರಿದು ನನ್ನ ತಟ್ಟೆಗೆ ಇಟ್ಟರು.

ಬೇಲೂರಿನ ಮಗಳು · ಫೆಬ್ರವರಿ 20

ಅಮ್ಮ ಇವತ್ತು ಒಂದು ಮೊಳ ಸೇವಂತಿಗೆ ಕಟ್ಟಿದರು. ಒಂದು ಗಂಟೆ ಹಿಡಿಯಿತು, ಮಧ್ಯೆ ನಾಲ್ಕು ಸಲ ನಿಲ್ಲಿಸಿದರು. ಮೊದಲ ಅರ್ಧ ಸಡಿಲ, ಕೊನೆಯ ಅರ್ಧ ಬಿಗಿ. ಹುಕ್ಕು ಇನ್ನೂ ನಾನೇ ಹಾಕುತ್ತೇನೆ. ನಡಿಗೆಗೆ ಕೋಲು ಬೇಕು. ಆದರೆ ಆ ಮಾಲೆಯನ್ನು ದೇವರ ಪಟಕ್ಕೆ ಹಾಕುವಾಗ ನಾನು ಅತ್ತುಬಿಟ್ಟೆ. ಫಿಸಿಯೋ ಮೇಡಂ, ನಿಮಗೆ ಥ್ಯಾಂಕ್ಸ್.

ಆಲ್ದೂರು ತೋಟ · ಮಾರ್ಚ್ 24

ಹೋದ ವಾರ ಹೂಮಳೆ ಬಿತ್ತು. ತೋಟ ಪೂರ್ತಿ ಬಿಳಿ. ಗಟ್ಟಿ ದಾರಿಯಲ್ಲೇ ನಿಧಾನಕ್ಕೆ ನಡೆದು ನೋಡಿ ಬಂದೆ. ಮೆಣಸು ಕುಯ್ಯಲು ಏಣಿ ಹತ್ತುವುದು, ತಲೆ ಎತ್ತಿ ಗಂಟೆಗಟ್ಟಲೆ ಕೆಲಸ ಮಾಡುವುದು ಇನ್ನು ಮುಂದೆ ನನ್ನ ಕೆಲಸವಲ್ಲ. ಈ ಸಲ ಮೆಣಸನ್ನು ಗುತ್ತಿಗೆಗೆ ಕೊಟ್ಟೆ. ದುಡ್ಡು ಕಡಿಮೆ ಬಂತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬೆಳಗ್ಗೆ ಕಾಫಿ ಲೋಟ ಹಿಡಿದಾಗ ಹೆಬ್ಬೆರಳಿಗೆ ಬಿಸಿ ಗೊತ್ತಾಗುತ್ತಿದೆ. ತುದಿಯಲ್ಲಿ ಮಾತ್ರ ಜೋಮು ಉಳಿದಿದೆ.

ಕೊಪ್ಪ · ಮಾರ್ಚ್ 26

ಇಡೀ ಚರ್ಚೆ ಎರಡು ಸಲ ಓದಿದೆ. ನಾಡಿದ್ದು ನಾನು ಅಡ್ಮಿಟ್. ನನ್ನದೂ ಸಿ5-ಸಿ6, ಮುಂದಿನಿಂದ. ಕೈಕಾಲು ನಡುಗುತ್ತಿದೆ. ಏನೇನು ತೆಗೆದುಕೊಂಡು ಹೋಗಲಿ?

ಆಲ್ದೂರು ತೋಟ · ಮಾರ್ಚ್ 26

ತಮ್ಮಾ, ಮುಂದೆ ಗುಂಡಿ ಇರುವ ಅಂಗಿ ನಾಲ್ಕು ಇಟ್ಟುಕೊಳ್ಳಿ, ತಲೆಯಿಂದ ಹಾಕುವ ಬನಿಯನ್ ಬೇಡ. ಬಗ್ಗುವ ಸ್ಟ್ರಾ ಒಂದು ಕಟ್ಟು. ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ. ಫೋನಿನ ವೈರು ಉದ್ದದ್ದು. ಮನೆಯಲ್ಲಿ ದಿನಾ ಬೇಕಾಗುವ ಲೋಟ, ಮಾತ್ರೆ, ಟವೆಲ್ ಎಲ್ಲವನ್ನೂ ಎದೆ ಮಟ್ಟಕ್ಕೆ ಇಡಿಸಿ ಹೊರಡಿ. ಯಶಸ್ವಿನಿ ಇದ್ದರೆ ಸಹಕಾರ ಸಂಘದ ಪತ್ರ, ಕಾರ್ಡು, ಎಂಆರ್‌ಐ ಫಿಲ್ಮ್ ಮರೆಯಬೇಡಿ. ಒಂದು ಹಾಳೆ, ಪೆನ್ನು ಇರಲಿ. ಡಿಸ್ಚಾರ್ಜ್ ದಿನ ಎಷ್ಟು ಕೆಜಿ, ಎಷ್ಟು ವಾರ, ಬೆಲ್ಟು ಎಷ್ಟು ಹೊತ್ತು, ಯಾವ ಮಾತ್ರೆ ಬೇಡ, ಇಷ್ಟನ್ನೂ ಬರೆಸಿಕೊಂಡೇ ಎದ್ದು ಬನ್ನಿ. ಗಂಟಲು ನೋಯುತ್ತಿದ್ದರೆ ಮಾತಾಡಬೇಡಿ, ಮನೆಯವರ ಕೈಲಿ ಇಲ್ಲಿ ಒಂದು ಸಾಲು ಹಾಕಿಸಿ. ನೋಡುತ್ತಿರುತ್ತೇನೆ.